ಕಪ್ಪು ಹಂತ ಮತ್ತು ಪಾದರಸದ ಗುಟಿಕೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಆಂತರಿಕ ರಸವಿದ್ಯೆಯ ಶಿಬಿರಕ್ಕೆ ಹೋಗಿದ್ದೆ. ಮನಸ್ಸು ಕಪ್ಪಾದರೆ ಹೆದರಬೇಡಿ, ಚಿನ್ನವಾಗುವ ಮೊದಲು ಹಾಗೇ ಆಗುತ್ತದೆ ಎಂದರು. ನಾಲ್ಕು ವಾರದಿಂದ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ. ಇದು ಆ ಹಂತವೇ? ಮನೆಯಲ್ಲೇ ಪಾದರಸದ ಗುಟಿಕೆ ಕಟ್ಟಿಕೊಳ್ಳಬಹುದೇ?’

ಮೊದಲು ನಿದ್ದೆಯ ಮಾತು. ದಿನದ ಬಹುಪಾಲು ಬೇಸರ ಅಥವಾ ನಿರಾಸಕ್ತಿ ಎರಡು ವಾರ ದಾಟಿ, ನಿದ್ದೆ ಹಸಿವು ಕೆಟ್ಟಿದ್ದರೆ ಅದು ಖಿನ್ನತೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ. ನಿಮಗೆ ನಾಲ್ಕು ವಾರವಾಗಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಇಂದೇ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮುಂದಿನದನ್ನು ಆಮೇಲೆ ಓದಿದರೂ ಆದೀತು.

ಶಿಬಿರದವರು ಹೇಳಿದ ಕಪ್ಪು, ಲೋಹವನ್ನು ಚಿನ್ನ ಮಾಡಲು ಹೊರಟ ಯುರೋಪಿನ ರಸವಾದಿಗಳ ‘ನಿಗ್ರೆಡೊ’. ಬಾಯಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಕಾಯಿಸಿದ ವಸ್ತು ಕೊಳೆತು ಕಪ್ಪಾಗುವುದಕ್ಕೆ ಆ ಹೆಸರು. ಆಮೇಲೆ ಬಿಳಿ, ಹಳದಿ, ಕೆಂಪು. ಇವನ್ನು ಮನಸ್ಸಿನ ಹಂತಗಳೆಂದು ವಿಸ್ತಾರವಾಗಿ ಓದಿದವರು ಸ್ವಿಸ್ ಮನೋವೈದ್ಯ ಯೂಂಗ್. ಅವರ ‘ಮನಶ್ಶಾಸ್ತ್ರ ಮತ್ತು ರಸವಾದ’ ಬಂದದ್ದು 1944ರಲ್ಲಿ. ಈ ಓದನ್ನು ಒಪ್ಪದ ಇತಿಹಾಸಕಾರರಿದ್ದಾರೆ: ಹಳೆಯ ರಸವಾದಿಗಳು ಮಾಡುತ್ತಿದ್ದುದು ಬಹುಮಟ್ಟಿಗೆ ಕುಲುಮೆಯ ಕೆಲಸವೇ ಎನ್ನುತ್ತಾರೆ. ಅದೇನೇ ಇರಲಿ, ಯೂಂಗ್ ಪ್ರಕಾರ ಕಪ್ಪು ಎಂದರೆ ತಾನು ಮುಚ್ಚಿಟ್ಟ ತನ್ನ ಮುಖವನ್ನು ಎಚ್ಚರದಲ್ಲಿ ಎದುರಿಸುವುದು. ಖಿನ್ನತೆ ಆ ಎಚ್ಚರವನ್ನೇ ಕಿತ್ತುಕೊಳ್ಳುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟದ್ದು ಶಿಬಿರದವರ ತಪ್ಪು.

ಗುಟಿಕೆ, ಅಂದರೆ ಪಾದರಸವನ್ನು ಗಟ್ಟಿಮಾಡಿ ಕಟ್ಟಿದ ಗುಂಡು, ಬೇಡವೇ ಬೇಡ. ಪಾದರಸ ಕುದಿಯುವುದು 357 ಡಿಗ್ರಿಯಲ್ಲಾದರೂ ಕೋಣೆಯ ಸಾಮಾನ್ಯ ಬಿಸಿಯಲ್ಲೇ ಆವಿಯಾಗುತ್ತಿರುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿಗೆ ಹೋದದ್ದರಲ್ಲಿ ನೂರಕ್ಕೆ ಸುಮಾರು 80 ಪಾಲು ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮಿದುಳನ್ನೂ ಮುಟ್ಟುತ್ತದೆ. ಆಮೇಲೆ ಕಾಣುವುದು ನಿದ್ರಾಹೀನತೆ, ಸಿಡುಕು, ಕೈನಡುಕ, ಮರೆವು. ಶಿಬಿರದಲ್ಲಿ ಪಾದರಸ ಮುಟ್ಟಿದ್ದರೆ, ಅದರ ಹತ್ತಿರ ಕೂತಿದ್ದರೆ ವೈದ್ಯರಿಗೆ ಅದನ್ನೂ ಹೇಳಿ. ಮನೆಯಲ್ಲಿ ಚೆಲ್ಲಿದ್ದರೆ ಪೊರಕೆ ಹಾಕಬೇಡಿ, ಹನಿಗಳು ಒಡೆದು ಇನ್ನಷ್ಟು ಆವಿಯಾಗುತ್ತವೆ. ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಒಟ್ಟುಮಾಡಿ ಬಿಗಿಮುಚ್ಚಳದ ಡಬ್ಬಿಗೆ ಹಾಕಿ.

ನಮ್ಮ ರಸಶಾಸ್ತ್ರವೂ ಅವಸರ ಒಪ್ಪದು. ಮಾಧವಾಚಾರ್ಯರ ಹೆಸರಿನಲ್ಲಿರುವ, 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ದಲ್ಲಿ ಪಾದರಸದಿಂದ ದೇಹವನ್ನು ಗಟ್ಟಿಮಾಡಿಕೊಂಡು ಮುಕ್ತಿ ಪಡೆಯಬೇಕೆನ್ನುವ ರಸೇಶ್ವರ ದರ್ಶನಕ್ಕೇ ಒಂದು ಅಧ್ಯಾಯವಿದೆ. ಸಂಸಾರದ ಪಾರ, ಅಂದರೆ ಆಚೆ ದಡ, ಮುಟ್ಟಿಸುವುದರಿಂದ ಪಾದರಸಕ್ಕೆ ಅಲ್ಲಿ ‘ಪಾರದ’ ಎಂಬ ಹೆಸರು. ಆದರೆ ಅದನ್ನು ಹದಗೊಳಿಸುವ ಸಂಸ್ಕಾರಗಳು ಹದಿನೆಂಟು. ಮೊದಲನೆಯದಾದ ಸ್ವೇದನದಲ್ಲೇ, ಬಟ್ಟೆಯಲ್ಲಿ ಕಟ್ಟಿದ ಪಾದರಸವನ್ನು ಹುಳಿಗಂಜಿಯ ಮಡಕೆಯಲ್ಲಿ ತೂಗುಬಿಟ್ಟು ಬೇಯಿಸಬೇಕು. ಮೊದಲು ಲೋಹದ ಮೇಲೆ ಪರೀಕ್ಷೆ, ಆಮೇಲೆ ದೇಹಕ್ಕೆ ಎಂಬ ಕಟ್ಟಳೆಯೂ ಅಲ್ಲಿದೆ. ಇನ್ನು ದೇಹ ಗಟ್ಟಿಯಾಗುವುದೇ ಕೊನೆಯ ಗುರಿಯಲ್ಲ ಎನ್ನುವುದಕ್ಕೆ ನಮ್ಮ ಕವಿ ಚಾಮರಸನ ‘ಪ್ರಭುಲಿಂಗಲೀಲೆ’ ಇದೆ: ಸಿದ್ಧ ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಾಗಿದಾಗ ಖಣಿಲೆಂದಿತು, ಅಲ್ಲಮನ ಮೈಯಲ್ಲಿ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು.

ವೈದ್ಯರು ಒಪ್ಪಿದ ಮೇಲೆ ಯೂಂಗ್ ಅವರ ‘ಸಕ್ರಿಯ ಕಲ್ಪನೆ’ಯನ್ನು ಮಾಡಿನೋಡಬಹುದು. ವಾರಕ್ಕೆ ಎರಡು ಸಲ, ಇಪ್ಪತ್ತೇ ನಿಮಿಷ, ಅಲಾರಂ ಇಟ್ಟು ಕೂರಿ. ರಸವಾದಿಗಳ ಮುಚ್ಚಿದ ಪಾತ್ರೆ ಇಲ್ಲಿ ಈ ಗಡುವೇ. ಕನಸಿನ ಒಂದು ಚಿತ್ರ ಅಥವಾ ಕಾಡುವ ಒಂದು ಭಾವವನ್ನು ಆರಿಸಿ ಕಾಯಿರಿ. ಅದು ಅಲುಗಾಡಿದಾಗ ಕಂಡದ್ದನ್ನು ಕೈಯಲ್ಲಿ ಬರೆಯಿರಿ, ನಿಮ್ಮ ಉತ್ತರವನ್ನೂ ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಸಿನಿಮಾ ನೋಡಿದಂತೆ ನೋಡುತ್ತಾ ಕೂರುತ್ತಾರೆ, ಇಲ್ಲವೇ ಚಿತ್ರವನ್ನು ತಮಗೆ ಬೇಕಾದ ಕಡೆಗೆ ಎಳೆಯುತ್ತಾರೆ. ಬದುಕಿರುವ ಗಂಡ, ಅತ್ತೆ, ಮೇಲಧಿಕಾರಿಯನ್ನು ಕಲ್ಪನೆಗೆ ತರಬೇಡಿ. ಜಗಳ ಅಲ್ಲೇ ಬೆಳೆಯುತ್ತದೆ. ಇಲ್ಲದ ದನಿ ಕೇಳಿಸುವವರು, ಹಿಂದೆ ಹಾಗೆ ಆಗಿದ್ದವರು ಒಬ್ಬರೇ ಇದನ್ನು ಮಾಡಲೇಬಾರದು. ಅಲಾರಂ ಹೊಡೆದಾಗ ಪುಸ್ತಕ ಮುಚ್ಚಿ, ಎದ್ದು ಮುಖ ತೊಳೆಯಿರಿ, ಮನೆಕೆಲಸ ಯಾವುದಾದರೂ ಹಿಡಿಯಿರಿ.