ಕಾನೂನು ಪ್ರಶ್ನೋತ್ತರ: ಕೋಳಿ ಸಾಕಣೆಯ ಲೇಖನದಿಂದ ಅಮೆಜಾನ್ ಮೊಕದ್ದಮೆಯವರೆಗೆ

ಪ್ರಶ್ನೆ: ನನ್ನ ಮಗಳು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಮಾರುಕಟ್ಟೆಯಲ್ಲಿ ಸ್ಪರ್ಧೆಯನ್ನು ಕಾಯುವ ಅಮೆರಿಕದ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ನಿನ ಅಧ್ಯಕ್ಷೆಯಾಗಿದ್ದ ಲೀನಾ ಖಾನ್ ಅವರಂತೆ ಏಕಸ್ವಾಮ್ಯ ವಿರೋಧಿ ಕಾನೂನಿನಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ. ವಲಸೆ ಬಂದ ಕುಟುಂಬದ ಅವರು ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಹುದ್ದೆಗೆ ಬಂದದ್ದು ಹೇಗೆ? ಹಲವು ಮೊಕದ್ದಮೆಗಳಲ್ಲಿ ಸೋತರೆಂದೂ ಕೇಳಿದ್ದೇನೆ. ಅವರ ಅವಧಿಯನ್ನು ವಿಫಲವೆನ್ನಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಲೀನಾ ಖಾನ್ 1989ರಲ್ಲಿ ಲಂಡನ್ನಿನಲ್ಲಿ, ಪಾಕಿಸ್ತಾನ ಮೂಲದ ದಂಪತಿಯ ಮಗಳಾಗಿ ಹುಟ್ಟಿದರು, 11ನೆಯ ವಯಸ್ಸಿನಲ್ಲಿ ಕುಟುಂಬದೊಂದಿಗೆ ಅಮೆರಿಕಕ್ಕೆ ಬಂದರು. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಯೇಲ್ ಕಾನೂನು ಶಾಲೆಯಿಂದ ಆರಂಭಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕೂ ಮುಂಚಿನ ವರ್ಷಗಳೇ ಹೆಚ್ಚು ಮುಖ್ಯ. ಆಗ ಅವರು ವಾಷಿಂಗ್ಟನ್ನಿನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದು, ಒಂದೊಂದು ಮಾರುಕಟ್ಟೆಯೂ ಬೆರಳೆಣಿಕೆಯ ಕಂಪನಿಗಳ ಕೈಸೇರಿದ್ದು ಹೇಗೆಂದು ಅಧ್ಯಯನ ಮಾಡುತ್ತಿದ್ದರು. ಮರಿ, ಮೇವು, ಮಾರಾಟ ಎಲ್ಲಕ್ಕೂ ಒಂದೇ ಕಂಪನಿಗೆ ಕಟ್ಟುಬಿದ್ದ ಅಮೆರಿಕದ ಗುತ್ತಿಗೆ ಕೋಳಿ ಸಾಕಣೆದಾರರ ಬಗ್ಗೆ 2012ರಲ್ಲೇ ಬರೆದಿದ್ದರು. ನಮ್ಮ ಕಡೆಯ ಕೋಳಿ ಸಾಕಣೆದಾರರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೇಲ್‌ನಲ್ಲಿ ವಿದ್ಯಾರ್ಥಿನಿಯಾಗಿ ಬರೆದು 2017ರಲ್ಲಿ ಪ್ರಕಟಿಸಿದ ‘ಅಮೆಜಾನ್ಸ್ ಆಂಟಿಟ್ರಸ್ಟ್ ಪ್ಯಾರಡಾಕ್ಸ್’ ಎಂಬ ಲೇಖನ ಈ ಅಧ್ಯಯನದ ಫಲ. ಗ್ರಾಹಕರಿಗೆ ಬೆಲೆ ಏರಿದೆಯೇ ಎಂಬುದನ್ನೇ ಅಮೆರಿಕದ ನ್ಯಾಯಾಲಯಗಳು ದಶಕಗಳಿಂದ ಮುಖ್ಯ ಅಳತೆಗೋಲಾಗಿ ಬಳಸುತ್ತಿದ್ದವು. ಆದರೆ ವರ್ಷಗಟ್ಟಲೆ ಲಾಭವನ್ನು ಬದಿಗಿಟ್ಟು ಅಗ್ಗವಾಗಿ ಮಾರುತ್ತಲೇ, ಪ್ರತಿಸ್ಪರ್ಧಿಗಳೂ ಅನಿವಾರ್ಯವಾಗಿ ಆಶ್ರಯಿಸಬೇಕಾದ ಮಾರಾಟ ವೇದಿಕೆಯನ್ನು ತಾನೇ ಕಟ್ಟಿಕೊಂಡ ಕಂಪನಿಯ ವಿಷಯದಲ್ಲಿ, ಕಡಿಮೆ ಬೆಲೆಯೇ ಅಪಾಯವನ್ನು ಮರೆಮಾಚುತ್ತದೆ ಎಂಬುದು ಖಾನ್ ಅವರ ವಾದ. ಮುಂದೆ ಅವರು ಪ್ರತಿನಿಧಿ ಸಭೆಯ ಉಪಸಮಿತಿಗೆ ಕಾನೂನು ಸಲಹೆಗಾರರಾಗಿ, ದೊಡ್ಡ ತಂತ್ರಜ್ಞಾನ ಕಂಪನಿಗಳ ತನಿಖೆಯಲ್ಲಿ ಕೆಲಸ ಮಾಡಿದರು. 2021ರ ಜೂನ್‌ನಲ್ಲಿ ಸೆನೆಟ್ 69–28 ಮತಗಳಿಂದ ಅವರ ನೇಮಕವನ್ನು ಅನುಮೋದಿಸಿದಾಗ ಅವರಿಗೆ 32 ವರ್ಷ. ಆಯೋಗದ ಅತ್ಯಂತ ಕಿರಿಯ ಅಧ್ಯಕ್ಷೆ ಅವರೇ.

ಸೋಲುಗಳು ನಿಜ. ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಯು ವರ್ಚುವಲ್ ರಿಯಾಲಿಟಿ ಆ್ಯಪ್ ತಯಾರಿಸುವ ‘ವಿದಿನ್’ ಅನ್ನು, ಮೈಕ್ರೋಸಾಫ್ಟ್ ವಿಡಿಯೊ ಗೇಮ್ ಕಂಪನಿ ‘ಆಕ್ಟಿವಿಷನ್’ ಅನ್ನು ಕೊಳ್ಳುವುದನ್ನು ತಡೆಯಲು 2023ರಲ್ಲಿ ಆಯೋಗಕ್ಕೆ ಸಾಧ್ಯವಾಗಲಿಲ್ಲ. ಕೆಲಸ ಬಿಟ್ಟವರು ಪ್ರತಿಸ್ಪರ್ಧಿ ಕಂಪನಿ ಸೇರದಂತೆ ಕಟ್ಟಿಹಾಕುವ ಕರಾರುಗಳನ್ನು ನಿಷೇಧಿಸಿದ 2024ರ ನಿಯಮವನ್ನು ಟೆಕ್ಸಸ್‌ನ ನ್ಯಾಯಾಲಯ ರದ್ದುಪಡಿಸಿತು. ಆದರೆ ಅಳೆಯುವಾಗ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಆಯೋಗ ಮೊಕದ್ದಮೆ ಹೂಡಿದ ಮೇಲೆ ಚಿಪ್ ತಯಾರಕ ಎನ್ವಿಡಿಯಾ, ಚಿಪ್ ವಿನ್ಯಾಸ ಮಾಡುವ ‘ಆರ್ಮ್’ ಕಂಪನಿಯನ್ನು ಕೊಳ್ಳುವ ಯೋಜನೆಯನ್ನು 2022ರಲ್ಲಿ ಕೈಬಿಟ್ಟಿತು. ಸುಮಾರು 25 ಶತಕೋಟಿ ಡಾಲರ್‌ಗಳ ಕ್ರೋಗರ್–ಆಲ್ಬರ್ಟ್‌ಸನ್ಸ್ ದಿನಸಿ ಮಳಿಗೆಗಳ ವಿಲೀನಕ್ಕೆ 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ತಡೆ ನೀಡಿತು. 2023ರ ಸೆಪ್ಟೆಂಬರ್‌ನಲ್ಲಿ 17 ರಾಜ್ಯಗಳೊಂದಿಗೆ ಸೇರಿ ಅಮೆಜಾನ್ ವಿರುದ್ಧ ಹೂಡಿದ ಮೊಕದ್ದಮೆ, 2025ರ ಜನವರಿಯಲ್ಲಿ ಅವರ ಅಧ್ಯಕ್ಷಾವಧಿ ಮುಗಿದ ಮೇಲೂ ಮುಂದುವರಿಯಿತು. ಗೆಲ್ಲುವುದು ಖಚಿತವಿರುವ ಪ್ರಕರಣಗಳನ್ನಷ್ಟೇ ಸರ್ಕಾರಿ ವಕೀಲರು ಹೂಡಿದರೆ, ಬೆಲೆಯನ್ನೇ ಅಳತೆಗೋಲಾಗಿಸಿದ ಹಳೆಯ ವ್ಯಾಖ್ಯಾನ ಎಂದಿಗೂ ಪರೀಕ್ಷೆಗೆ ಒಳಪಡುವುದಿಲ್ಲವಾದ್ದರಿಂದ, ಆ ಅವಧಿಯನ್ನು ವಿಫಲವೆನ್ನಲು ನಾನು ಸಿದ್ಧನಿಲ್ಲ.

ನಿಮ್ಮ ಮಗಳಿಗೆ ಓದಲು ಹತ್ತಿರದ ಸಾಮಗ್ರಿಯೇ ಇದೆ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2020ರಲ್ಲಿ ಆದೇಶಿಸಿದ ತನಿಖೆಯನ್ನು ಆ ಕಂಪನಿಗಳು ಪ್ರಶ್ನಿಸಿದ್ದು ಕರ್ನಾಟಕ ಹೈಕೋರ್ಟಿನಲ್ಲಿ. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠವೂ ಜುಲೈನಲ್ಲಿ ವಿಭಾಗೀಯ ಪೀಠವೂ ತನಿಖೆಯನ್ನು ತಡೆಯಲು ನಿರಾಕರಿಸಿದವು. ಖಾನ್ ಅವರ ಲೇಖನವನ್ನು ಮೊದಲು ಓದಿ, ಬಳಿಕ ಈ ಎರಡು ತೀರ್ಪುಗಳನ್ನು ಓದಲಿ. ಜೊತೆಗೆ ಅರ್ಥಶಾಸ್ತ್ರವನ್ನೂ ಗಟ್ಟಿಯಾಗಿ ಕಲಿಯಲಿ. ಈ ಕ್ಷೇತ್ರದಲ್ಲಿ ಅದಿಲ್ಲದೆ ಒಂದು ಅರ್ಜಿಯನ್ನೂ ಸರಿಯಾಗಿ ಬರೆಯಲಾಗದು.