ಮಕ್ಕಳಿಗೆ ವಿದೇಶದ ಪೆನ್ ಫ್ರೆಂಡ್ ಬೇಕಾ? ಮೊದಲು ಕೆಂಪು ಪೆನ್ನು ಒಳಗಿಡಿ

ಉಡುಪಿ ಹತ್ತಿರದ ಕನ್ನಡ ಮೀಡಿಯಂ ಶಾಲೆ, ಎಂಟನೇ ಕ್ಲಾಸಿನ 40 ಮಕ್ಕಳು, ಇಂಗ್ಲಿಷ್ ಸುಧಾರಿಸಬೇಕು, ಅದಕ್ಕೆ ಅಮೆರಿಕ ಅಥವಾ ಇಂಗ್ಲೆಂಡಿನಲ್ಲಿ ತಲೆಗೊಬ್ಬ ಪೆನ್ ಫ್ರೆಂಡ್ ಹುಡುಕುವುದು ಹೇಗೆ, ಕಾಗದ ಒಳ್ಳೆಯದಾ ಇಮೇಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡಬೇಡಿ. 2014ರಲ್ಲಿ ನಾನೂ ನಮ್ಮ ಹೆಡ್‌ಮಾಸ್ಟರ ಎದುರು ನಿಂತು ಹೆಚ್ಚುಕಡಿಮೆ ಇದನ್ನೇ ಹೇಳಿದ್ದೆ. ದೇಶ ಮಾತ್ರ ಬೇರೆ.

ನಾನು ಮಂಗಳೂರಿನ ಹೊರಗೆ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ. ಶಾಲೆಗೆ ಬಂದರೆ ಕನ್ನಡ. ಇಂಗ್ಲಿಷಿನ ಸರದಿ ಬರುವುದು ಅದರ ನಂತರ. ಈ ಹುಚ್ಚು ನನಗೆ ಹತ್ತಿದ್ದು ನನ್ನದೇ ಬಾಲ್ಯದಿಂದ. ಫಿನ್ಲೆಂಡಿನ ತುರ್ಕು ಎಂಬ ಊರಿನಲ್ಲಿ ಇಂಟರ್‌ನ್ಯಾಷನಲ್ ಯೂತ್ ಸರ್ವಿಸ್ ಅಂತ ಒಂದು ಸಂಸ್ಥೆ ಇತ್ತು. 1952ರಿಂದ 2008ರವರೆಗೆ ನಡೆಯಿತು. ಫಾರಂ ತುಂಬಿ ಕಳಿಸಿದರೆ ನಮ್ಮದೇ ವಯಸ್ಸಿನ ಯಾರದಾದರೂ ವಿಳಾಸ ಕೊಡುತ್ತಿದ್ದರು. ನನಗೂ ಹಾಗೆ ಒಬ್ಬಳು ಸಿಕ್ಕಿದ್ದಳು. ವಿದೇಶಕ್ಕೆ ಕಳಿಸುವ ಮಡಚು ಕಾಗದ, ಆ ನೀಲಿ ಏರೋಗ್ರಾಮಿನ ಅಂಚನ್ನು ನಾಲಿಗೆಗೆ ತಾಗಿಸಿ ಅಂಟಿಸುತ್ತಿದ್ದ ರುಚಿ ಈಗಲೂ ನೆನಪುಂಟು. ನನ್ನ ಕಾಗದವನ್ನು ಯಾರೂ ತಿದ್ದಿರಲಿಲ್ಲ ಎಂಬುದು ಮಾತ್ರ ನನಗೆ ಹೊಳೆದದ್ದು ತುಂಬ ತಡವಾಗಿ.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳು ಜರ್ಮನಿಯಲ್ಲಿ ನರ್ಸ್. ಅವಳ ಪರಿಚಯದ ಟೀಚರ್ ಒಬ್ಬರು ಬವೇರಿಯದ ಒಂದು ಶಾಲೆಯಲ್ಲಿದ್ದರು. ಅವರದು ಏಳನೇ ತರಗತಿ, ವಯಸ್ಸು ನಮ್ಮ ಮಕ್ಕಳಷ್ಟೇ. ಇಮೇಲ್ ಮಾಡಿದೆ, ಎರಡೇ ದಿನಕ್ಕೆ ಒಪ್ಪಿದರು. ಒಂದೇ ಒಂದು ಮಾತು ಹೇಳಿದ್ದರು. ಜುಲೈ ಕೊನೆಗೆ ನಮಗೆ ದೊಡ್ಡ ರಜೆ, ಅದಕ್ಕೆ ಮೊದಲೇ ಕಾಗದ ಬಂದರೆ ಮಕ್ಕಳು ಉತ್ತರ ಬರೆದೇ ಮನೆಗೆ ಹೋಗುತ್ತಾರೆ ಅಂತ.

ನಮ್ಮ ಶಾಲೆ ಜೂನ್ ಮೊದಲಿಗೇ ಶುರುವಾಗಿತ್ತು. ಜೂನ್ ಮೂರನೇ ವಾರಕ್ಕೆ 34 ಮಕ್ಕಳೂ ಬರೆದು ಮುಗಿಸಿದ್ದರು. ಲಕೋಟೆ ಇತ್ತು, ಸ್ಟ್ಯಾಂಪಿಗೆ ದುಡ್ಡಿತ್ತು. ಅವತ್ತೇ ಪಾಂಡೇಶ್ವರದ ಹೆಡ್ ಪೋಸ್ಟಾಫೀಸಿಗೆ ಹೋಗಿ ಕಟ್ಟು ಕೊಟ್ಟು ಬಂದಿದ್ದರೆ ನಾನು ಇವತ್ತು ಈ ಉತ್ತರ ಬರೆಯುತ್ತಲೇ ಇರಲಿಲ್ಲ.

ನಾನು ಮಾಡಿದ್ದೇನು ಗೊತ್ತಾ? ಕಟ್ಟನ್ನು ಮನೆಗೆ ತಂದೆ. ಊಟ ಮುಗಿಸಿ ಕೆಂಪು ಪೆನ್ನು ಹಿಡಿದು ಕುಳಿತೆ.

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ ಅಂತ ನನಗೆ ಖಾತ್ರಿ. ಮೊದಲ ದಿನ ಬರೀ ಸ್ಪೆಲ್ಲಿಂಗ್ ತಿದ್ದಿದೆ. ತಪ್ಪೇನು ಅದರಲ್ಲಿ, ಅಲ್ವಾ? ಎರಡನೇ ದಿನ ವ್ಯಾಕರಣ. ಮೂರನೇ ದಿನಕ್ಕೆ ಒಂದು ಕಾಗದದಲ್ಲಿ ಮೂಲ ಬರಹಕ್ಕಿಂತ ನನ್ನ ಕೆಂಪೇ ಜಾಸ್ತಿ. ಇದನ್ನು ಹೇಗೆ ಕಳಿಸುವುದು, ಮರ್ಯಾದೆ ಪ್ರಶ್ನೆ ಅಂತ ಎಲ್ಲರಿಗೂ ಫೇರ್ ಕಾಪಿ ಮಾಡಿ ಅಂದೆ. ಫೇರ್ ಕಾಪಿಯಲ್ಲಿ ಹೊಸ ತಪ್ಪುಗಳು ಹುಟ್ಟಿದವು. ಮತ್ತೆ ತಿದ್ದಿದೆ. ಕೊನೆಗೆ ಸಾಕಾಗಿ ಬೋರ್ಡಿನ ಮೇಲೆ ನಾನೇ ಒಂದು ಮಾದರಿ ಬರೆದೆ. ಮೈ ಫಾದರ್ ಈಸ್ ಹಾರ್ಡ್ ವರ್ಕಿಂಗ್, ಮೈ ಹಾಬಿ ಈಸ್ ರೀಡಿಂಗ್ ಬುಕ್ಸ್, ಮೈ ಫೇವರಿಟ್ ಗೇಮ್ ಈಸ್ ಕ್ರಿಕೆಟ್. ಬೇಕಾದಲ್ಲಿ ಹೆಸರು ಬದಲಿಸಿ ಅಂದೆ. ಅಷ್ಟರಲ್ಲಿ ಜುಲೈ ಬಂತು. ಮಳೆ ಜೋರಾಯಿತು, ನಡುವೆ ರಜೆ. ಇಬ್ಬರು ಹುಡುಗರಿಗೆ ಜ್ವರ, ಅವರ ಫೇರ್ ಕಾಪಿ ಬಾಕಿ. ಅವರಿಬ್ಬರನ್ನು ಬಿಟ್ಟು ಕಳಿಸುವುದು ಹೇಗೆ ಅಂತ ಕಾದೆ. ಅವರು ಬಂದಾಗ ಟೆಸ್ಟ್ ಶುರು. ಒಂದೊಂದು ಕಾರಣವೂ ಆಯಾ ದಿನಕ್ಕೆ ಸರಿಯಾಗಿಯೇ ಇತ್ತು ಮಾರಾಯ್ರೆ. ಒಟ್ಟು ಸೇರಿ ಐದು ವಾರ ತಿಂದವು. ನಾನು ಕಟ್ಟು ಪೋಸ್ಟ್ ಮಾಡಿದ್ದು ಜುಲೈ 24ಕ್ಕೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಮೊದಲ ಕಾಗದದಲ್ಲಿ ಏನು ಬರೆದಿದ್ದ ಹೇಳುತ್ತೇನೆ. ‘ಇನ್ ರೇನ್ ಅವರ್ ಹೌಸ್ ಇನ್‌ಸೈಡ್ ಆಲ್ಸೋ ರೇನ್. ಮದರ್ ಪುಟ್ ಸೆವೆನ್ ವೆಸೆಲ್. ಐ ನೋ ಸೌಂಡ್ ಆಫ್ ಆಲ್ ವೆಸೆಲ್.’ ಹಂಚಿನ ಮನೆ, ಸೋರುತ್ತದೆ. ಅಮ್ಮ ಏಳು ಪಾತ್ರೆ ಇಡುತ್ತಾಳೆ. ಯಾವ ಪಾತ್ರೆಗೆ ಹನಿ ಬಿತ್ತು ಅಂತ ಕತ್ತಲಲ್ಲಿ ಮಲಗಿಕೊಂಡೇ ಅವನಿಗೆ ಗೊತ್ತಾಗುತ್ತದೆ. ನಾನು ಈ ಮೂರೂ ಸಾಲು ಹೊಡೆದು ಹಾಕಿ ಮೇಲೆ ‘ಮ್ಯಾಂಗಲೋರ್ ರಿಸೀವ್ಸ್ ಹೆವಿ ರೇನ್‌ಫಾಲ್’ ಅಂತ ಬರೆದೆ. ಒಂದೂ ತಪ್ಪಿಲ್ಲದ ವಾಕ್ಯ. ಆ ಕಾಗದ ಹೋಗುತ್ತಿದ್ದದ್ದು ಜರ್ಮನಿಗೆ. ನಮ್ಮ ಮಂಗಳೂರು ಹಂಚಿನ ಕಾರ್ಖಾನೆ 1860ರ ದಶಕದಲ್ಲಿ ಶುರುವಾದದ್ದೇ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜರ್ಮನ್ ಮಿಷನರಿಗಳಿಂದ. ನಿಮ್ಮವರು ಕಲಿಸಿದ ಹಂಚು ನಮ್ಮ ಮನೆಯಲ್ಲಿ ಸೋರುತ್ತಿದೆ ಅಂತ ಒಂದು ವಾಕ್ಯ ಸೇರಿಸಿದ್ದರೆ ಆ ಎರಡು ಕ್ಲಾಸುಗಳಿಗೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಗುತ್ತಿತ್ತು. ಇತಿಹಾಸ ನನಗೆ ಗೊತ್ತಿತ್ತು. ಹೊಳೆಯಲಿಲ್ಲ, ಅಷ್ಟೇ. ಅವತ್ತು ನನ್ನ ಕಣ್ಣು ಇದ್ದದ್ದು ‘ವೆಸೆಲ್’ಗೆ ಬಹುವಚನ ಇಲ್ಲ ಎಂಬುದರ ಮೇಲೆ.

ಕಟ್ಟು ತಲುಪಿದಾಗ ಅಲ್ಲಿ ಶಾಲೆಗೆ ಬೀಗ. ಬವೇರಿಯದಲ್ಲಿ ಶಾಲೆ ಮತ್ತೆ ತೆರೆಯುವುದು ಸೆಪ್ಟೆಂಬರ್ ಮಧ್ಯಕ್ಕೆ, ಅದೂ ಹೊಸ ಶೈಕ್ಷಣಿಕ ವರ್ಷವಾಗಿ. ಆ ಏಳನೆಯವರು ಎಂಟಕ್ಕೆ ಹೋಗಿದ್ದರು. ಆ ಟೀಚರಿಗೆ ಬೇರೆ ಕ್ಲಾಸು ಬಂದಿತ್ತು. ಪಾಪ, ಹಳೆ ಮಕ್ಕಳನ್ನು ಹುಡುಕಿ ಹುಡುಕಿ ಬರೆಸಲು ನೋಡಿದರು. ದೀಪಾವಳಿ ಕಳೆದ ಮೇಲೆ ನಮಗೆ ಬಂದದ್ದು 6 ಕಾಗದ.

34 ಮಕ್ಕಳು, 6 ಕಾಗದ. ಹಂಚಿದ ದಿನ ನಾನು ನೋಡಿದ್ದನ್ನು ನೀವು ನೋಡಬಾರದು. ಕಾಗದ ಸಿಕ್ಕಿದವರು ಬ್ಯಾಗಿನೊಳಗೆ ಅಡಗಿಸಿಟ್ಟರು, ಉಳಿದವರಿಗೆ ಬೇಸರವಾಗುತ್ತದೆ ಅಂತ. ಒಬ್ಬಳು ಹುಡುಗಿ ಫೆಬ್ರವರಿವರೆಗೂ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ‘ಟೀಚರ್, ನಂದು ಬಂತಾ?’ ಅಂತ ಕೇಳುತ್ತಿದ್ದಳು. ಬಂದ ಆರರಲ್ಲಿ ಒಂದರಲ್ಲಿ ಒಬ್ಬ ಜರ್ಮನ್ ಹುಡುಗಿ ಏನೂ ಮುಚ್ಚುಮರೆ ಇಲ್ಲದೆ ಕೇಳಿದ್ದಳು: ನಿಮ್ಮ ಕ್ಲಾಸಿನವರೆಲ್ಲ ಒಂದೇ ಕಾಗದ ಬರೆದಿದ್ದೀರಲ್ಲ, ಇಂಟರ್‌ನೆಟ್ಟಿನಿಂದ ತೆಗೆದದ್ದಾ? ಅವಳ ಇಂಗ್ಲಿಷಿನಲ್ಲೂ ಎರಡು ತಪ್ಪಿತ್ತು. ಅದನ್ನು ಅವಳ ಟೀಚರ್ ತಿದ್ದಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆ ಇಲ್ಲ. ಇಂಗ್ಲಿಷ್ ಸುಧಾರಿಸಲಿಕ್ಕೆ ಅಂತ ಇದನ್ನು ಮಾಡಬೇಡಿ. ಆ ಆಸೆ ಇದ್ದರೆ ತಿದ್ದದೆ ಇರಲು ನಿಮ್ಮಿಂದ ಆಗುವುದಿಲ್ಲ. ಅಮೆರಿಕ, ಇಂಗ್ಲೆಂಡ್ ಅಂತೂ ಬೇಡವೇ ಬೇಡ. ಅಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಮನೆಮಾತು, ನಮ್ಮವರು ಮೊದಲ ಸಾಲಿಗೇ ಮುದುಡಿಕೊಳ್ಳುತ್ತಾರೆ. ಇಂಗ್ಲಿಷನ್ನು ನಮ್ಮ ಹಾಗೆಯೇ ಪುಸ್ತಕ ಹಿಡಿದು ಕಲಿಯುವ ದೇಶ ನೋಡಿ. ಎರಡೂ ಕಡೆ ತಪ್ಪಾದರೆ ಯಾರಿಗೂ ನಾಚಿಕೆ ಇಲ್ಲ.

ಮತ್ತೆ ತಲೆಗೊಬ್ಬ ಪೆನ್ ಫ್ರೆಂಡ್ ಎನ್ನುವ ಲೆಕ್ಕ ಬಿಡಿ. ಅದು ಯಾವತ್ತೂ ಸರಿ ಹೊಂದುವುದಿಲ್ಲ. ನಿಮ್ಮಲ್ಲಿ 40, ಅಲ್ಲಿ 23 ಇರಬಹುದು. ಒಬ್ಬ ಬರೆಯದಿದ್ದರೂ ಇಲ್ಲಿ ಒಂದು ಮಗು ಕಾಯುತ್ತಾ ಕೂರುತ್ತದೆ. ಕ್ಲಾಸಿಗೆ ಕ್ಲಾಸು ಬರೆಯಲಿ. ಒಂದೇ ಕಟ್ಟು ಹೋಗಲಿ, ಒಂದೇ ಕಟ್ಟು ಬರಲಿ, ಎಲ್ಲವೂ ಎಲ್ಲರಿಗೂ ಸೇರಿದ್ದು.

ನನಗೆ ಇದು ತಿಳಿಯಲು ಮೂರು ವರ್ಷ ಬೇಕಾಯಿತು. ನಡುವೆ ಹೊಟ್ಟೆಉರಿಗೆ ನಾನೊಬ್ಬಳೇ ಪೋಸ್ಟ್‌ಕ್ರಾಸಿಂಗ್ ಸೇರಿದೆ. 2005ರಲ್ಲಿ ಪೋರ್ಚುಗಲ್ಲಿನ ಒಬ್ಬರು ಶುರು ಮಾಡಿದ ವೆಬ್‌ಸೈಟ್ ಅದು. ನೀವು ಯಾರಿಗೋ ಒಂದು ಕಾರ್ಡ್ ಕಳಿಸಿದರೆ ಬೇರೆ ಯಾರಿಂದಲೋ ನಿಮಗೊಂದು ಬರುತ್ತದೆ. ಅಲ್ಲಿ ಸಿಕ್ಕಿದವರು ಜಪಾನಿನ ಕಾಗೊಶಿಮಾದ ಒಬ್ಬ ಟೀಚರ್. ಈ ಸಲ ನಾವಿಬ್ಬರೇ ನಾಲ್ಕು ತಿಂಗಳು ಬರೆದುಕೊಂಡೆವು, ಮಕ್ಕಳಿಗೆ ಹೇಳಲೇ ಇಲ್ಲ. ಮೊದಲು ಕೂತು ಕ್ಯಾಲೆಂಡರ್ ನೋಡಿದೆವು. ಜಪಾನಿನಲ್ಲಿ ಶಾಲೆ ವರ್ಷ ಏಪ್ರಿಲಿನಿಂದ ಮಾರ್ಚ್. ಅವರು ಶುರು ಮಾಡುವಾಗ ನಮಗೆ ಬೇಸಿಗೆ ರಜೆ. ಜುಲೈ 20ರ ಹೊತ್ತಿಗೆ ಅವರಿಗೆ ರಜೆ, ಆಗಸ್ಟ್ ಪೂರ್ತಿ ಇಲ್ಲ. ಎರಡೂ ಕಡೆ ಮಕ್ಕಳು ಬೆಂಚಿನಲ್ಲಿ ಇರುವುದು ಜೂನ್‌ನಿಂದ ಜುಲೈ ಮಧ್ಯದವರೆಗೆ, ಆಮೇಲೆ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ. ನಮ್ಮ ದಸರಾ, ಅವರ ಹೊಸ ವರ್ಷದ ರಜೆ ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಯಾವ ದೇಶ ಅಂತ ಆಮೇಲೆ ಯೋಚಿಸಿ, ಈ ಲೆಕ್ಕ ಮೊದಲು ಹಾಕಿ.

ವಿಷಯ ಏನಿಡುವುದು ಅಂತ ನೋಡಿದಾಗ ಇಬ್ಬರಿಗೂ ಸಿಕ್ಕಿದ್ದು ಕೊಡೆ. ಜೂನಿನಲ್ಲಿ ಅಲ್ಲಿಯೂ ಮಳೆಗಾಲ. ಅದಕ್ಕೆ ತ್ಸುಯು ಅನ್ನುತ್ತಾರೆ, ಬರೆಯುವ ಅಕ್ಷರಗಳಿಗೆ ಪ್ಲಮ್ ಹಣ್ಣಿನ ಮಳೆ ಅಂತ ಅರ್ಥ. ನಮ್ಮ ಮಕ್ಕಳು ಮನೆಗೆ ಹೋಗಿ ಅಜ್ಜಿಯರ ಹತ್ತಿರ ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆಯ ಹೆಸರು ಬರೆಸಿಕೊಂಡು ಬಂದರು. ಅಲ್ಲಿಯ ಮಕ್ಕಳು ಮಳೆ ನಿಲ್ಲಲಿ ಅಂತ ಬಿಳಿ ಬಟ್ಟೆಯ ಗೊಂಬೆ ಮಾಡಿ ಕಿಟಕಿಗೆ ನೇತುಹಾಕುತ್ತಾರೆ. ನಮ್ಮವರಿಗೆ ಇದು ಅರ್ಥವೇ ಆಗಲಿಲ್ಲ. ಮಳೆ ಯಾಕೆ ನಿಲ್ಲಬೇಕು? ರೆಡ್ ಅಲರ್ಟ್ ಬಂದು ಡಿಸಿ ರಜೆ ಕೊಡಲಿ ಅಂತಲ್ಲವಾ ಬೇಡಿಕೊಳ್ಳುವುದು? ಇದನ್ನೇ ಒಬ್ಬ ಬರೆದ. ನಾನು ಮುಟ್ಟಲಿಲ್ಲ. ಅಲ್ಲಿಂದ ಹನ್ನೆರಡು ಪ್ರಶ್ನೆ ಬಂತು, ಡಿಸಿ ಅಂದರೆ ಯಾವ ದೇವರು ಎಂಬುದೂ ಸೇರಿ.

ಕಾಗೊಶಿಮಾದ ಎದುರಿಗೇ ಸಕುರಾಜಿಮಾ ಎಂಬ ಜ್ವಾಲಾಮುಖಿ ಉಂಟು. ಗಾಳಿ ಇತ್ತ ಬೀಸಿದರೆ ಊರಿನ ಮೇಲೆ ಬೂದಿ ಸುರಿಯುತ್ತದೆ. ಅಲ್ಲಿಯ ಒಂದು ಹುಡುಗಿ ಕೊಡೆಯ ಚಿತ್ರ ಬಿಡಿಸಿ ಒಂದು ಪಕ್ಕಕ್ಕೆ ನೀಲಿ ಹನಿ, ಇನ್ನೊಂದು ಪಕ್ಕಕ್ಕೆ ಪೆನ್ಸಿಲಿನಿಂದ ಬೂದಿ ಚುಕ್ಕೆ ಹಾಕಿ ಕಳಿಸಿದ್ದಳು. ಬೂದಿ ಗುಡಿಸಿ ತುಂಬಲು ನಗರಸಭೆ ಹಳದಿ ಚೀಲ ಕೊಡುತ್ತದಂತೆ, ಅದರ ಫೋಟೋ ಕೂಡ ಇತ್ತು. ನಮ್ಮ ಕ್ಲಾಸು ಆ ಚಿತ್ರ ನೋಡಿ ಒಂದು ನಿಮಿಷ ಗಪ್‌ಚಿಪ್. ಆಮೇಲೆ ಒಬ್ಬ, ‘ಬೂದಿಗೂ ಕೊಡೆಯಾ ಟೀಚರ್!’ ಅಂತ ಡೆಸ್ಕ್ ಕುಟ್ಟಿದ. ಇವರು ಉತ್ತರಕ್ಕೆ ಬಾಟಲಿ ಕತ್ತರಿಸಿ ಸ್ಕೇಲ್ ಅಂಟಿಸಿ ಮಳೆ ಅಳೆದರು. ಮೂರನೇ ರಾತ್ರಿಗೇ ಬಾಟಲಿ ತುಂಬಿ ಹರಿಯಿತು. ‘ಬಾಟಲ್ ಫೇಲ್’ ಅಂತ ಪಟ್ಟಿಯಲ್ಲಿ ಬರೆದು ಹಾಗೇ ಕಳಿಸಿದೆವು. ಆ ಕ್ಲಾಸಿನವರ ಇಂಗ್ಲಿಷ್ ಸುಧಾರಿಸಿತಾ ಅಂತ ನೀವು ಕೇಳಬಹುದು. ಬರೆಯುವ ಹೆದರಿಕೆ ಹೋಯಿತು. ನಾನು ಅದಕ್ಕಿಂತ ಜಾಸ್ತಿ ಏನೂ ಕ್ಲೇಮ್ ಮಾಡುವುದಿಲ್ಲ.

ಇಮೇಲಾ ಕಾಗದವಾ? ಟೀಚರುಗಳ ನಡುವೆ ಇಮೇಲ್, ಮಕ್ಕಳ ನಡುವೆ ಕಾಗದ. ಇದರಲ್ಲಿ ಚರ್ಚೆಯೇ ಬೇಡ. ಇಮೇಲ್ ಆದರೆ ಕಂಪ್ಯೂಟರ್ ಲ್ಯಾಬಿನ ಬೀಗದಕೈ ಹುಡುಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ವಿಳಾಸ ಶಾಲೆಯದ್ದು ಮಾತ್ರ ಕೊಡಿ. ಮಕ್ಕಳ ಮನೆ ವಿಳಾಸ, ಫೋನ್ ನಂಬರ್, ಇನ್‌ಸ್ಟಾ ಐಡಿ ಯಾವುದೂ ಹೋಗಬಾರದು. ಫೋಟೋ ಕಳಿಸುವುದಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಮಕ್ಕಳ ಮಾಹಿತಿ ಬಗ್ಗೆ ಈಗ ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉಂಟು, ಯುರೋಪಿನವರಂತೂ ಇದರಲ್ಲಿ ಭಾರೀ ಕಟ್ಟುನಿಟ್ಟು.

ಹಾಂ, ತಿದ್ದದಿದ್ದರೂ ಮಕ್ಕಳ ಕಾಗದಗಳನ್ನು ನೀವು ನೋಡಲೇಬೇಕಾದ ಕಾರಣ ಒಂದುಂಟು, ಇಂಗ್ಲಿಷಿಗೆ ಸಂಬಂಧ ಇಲ್ಲದ್ದು. ನಮ್ಮ ಎರಡನೇ ಕಟ್ಟಿನಲ್ಲಿ ಒಬ್ಬ, ಗೆಳೆಯರಿಗೆ ಉಡುಗೊರೆ ಅಂತ ಒಂದು ಮುಷ್ಟಿ ಗುಲಗಂಜಿ ತುಂಬಿಸಿದ್ದ. ನೋಡಲು ಚಂದ, ಅಗಿದರೆ ವಿಷ. ಮೇಲಾಗಿ ಯಾವ ಬೀಜವನ್ನೂ ಹಾಗೆ ಬೇರೆ ದೇಶಕ್ಕೆ ಅಂಚೆಯಲ್ಲಿ ಕಳಿಸುವಂತಿಲ್ಲ. ಅಂಟಿಸುವ ಮೊದಲು ಲಕೋಟೆಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ.