ರಾತ್ರಿ ಊಟ ಏಳಕ್ಕಾ, ಎಂಟಕ್ಕಾ?

ಮೈಸೂರಿನಿಂದ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದ ಇದೆ, ಸಾರ ಇಷ್ಟು:

"ನನಗೆ 67 ವರ್ಷ. ಹಾಸನದಲ್ಲಿ ಖಜಾನೆ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಯಜಮಾನರಿಗೆ 74, ಪಾರ್ಕಿನ್ಸನ್ ಕಾಯಿಲೆ ಇದೆ. ಎರಡು ವರ್ಷದ ಹಿಂದೆ ಊರಿನ ಮನೆ ಮಾರಿ, ಇಲ್ಲಿ ಊರ ಹೊರಗೆ ಹಿರಿಯರಿಗೆಂದೇ ಕಟ್ಟಿದ ಸಮುಚ್ಚಯದಲ್ಲಿ ಫ್ಲ್ಯಾಟ್ ಕೊಂಡು ಬಂದೆವು. ಒಟ್ಟು 86 ಮನೆ. ಊಟ, ನರ್ಸ್, ಕ್ಲೀನಿಂಗ್ ಎಲ್ಲವನ್ನೂ ಕಂಪನಿಯವರೇ ನೋಡಿಕೊಳ್ಳುತ್ತಾರೆ. ಈ ವರ್ಷ ತಿಂಗಳ ಚಾರ್ಜ್ ಒಮ್ಮೆಗೇ ಐದು ಸಾವಿರ ಏರಿತು. ರಾತ್ರಿ ಊಟ ಎಂಟರಿಂದ ಏಳಕ್ಕೆ ಬಂತು. ಮುದ್ದೆ ವಾರಕ್ಕೊಮ್ಮೆ ಆಯಿತು. ಯಾಕೆ ಅಂದರೆ 'ಮೇಲಿನವರ ತೀರ್ಮಾನ' ಅಂತಾರೆ. ಈಗ ನಿವಾಸಿಗಳ ಕಮಿಟಿಗೆ ಚುನಾವಣೆ. ಲೆಕ್ಕ ಗೊತ್ತಿರುವವರು ಬೇಕು, ನೀವೇ ಖಜಾಂಚಿಯಾಗಿ ಅಂತ ಏಳೆಂಟು ಜನ ಹಿಂದೆ ಬಿದ್ದಿದ್ದಾರೆ. ಯಜಮಾನರು ಮಾತ್ರ ಬೇಡವೇ ಬೇಡ ಅಂತಾರೆ. 'ನನ್ನನ್ನ ಎತ್ತಿ ಕೂರಿಸೋರು ಇದೇ ಹುಡುಗರು, ಅವರನ್ನ ಎದುರು ಹಾಕ್ಕೋಬೇಡ' ಅನ್ನುವುದು ಅವರ ಮಾತು. ಡಲ್ಲಾಸ್‌ನಲ್ಲಿರುವ ಮಗ, 'ಅಮ್ಮಾ, ಅಷ್ಟು ದುಡ್ಡು ಕೊಟ್ಟಿರೋದೇ ನೆಮ್ಮದಿಯಾಗಿರೋಕೆ, ಸುಮ್ನಿರು' ಅಂತಾನೆ. ನಾಮಪತ್ರ ಕೊಡಲು ಇನ್ನು ಹನ್ನೆರಡು ದಿನ ಇದೆ. ನಿಲ್ಲಲಾ, ಸುಮ್ಮನಿರಲಾ?"

ಅಕ್ಕಾ, ನಿಲ್ಲಿ. ಆದರೆ ಅದಕ್ಕೂ ಮೊದಲು ಯಜಮಾನರ ಜೊತೆ ಒಂದು ಸಂಜೆ ಕೂತು ಮಾತಾಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಐದು ಸಾವಿರದ ಮಾತಲ್ಲ, ಅವರ ಆ ಒಂದು ವಾಕ್ಯ.

ಅದನ್ನು ಹೇಡಿತನ ಅಂತ ಎಣಿಸಬೇಡಿ. ಬಚ್ಚಲಿಗೆ ಹೋಗಲು, ಅಂಗಿ ಗುಂಡಿ ಹಾಕಿಕೊಳ್ಳಲು ಇನ್ನೊಬ್ಬರ ಕೈ ಬೇಕಾದವರಿಗೆ ಆ ಕೈಯ ಮೇಲೆ ಒಂದು ಭಯ ಇದ್ದೇ ಇರುತ್ತದೆ. ಬೆಲ್ ಒತ್ತಿದರೆ ಐದು ನಿಮಿಷಕ್ಕೆ ಬರುವವರು ನಾಳೆ ಇಪ್ಪತ್ತು ನಿಮಿಷಕ್ಕೆ ಬಂದರೆ? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರು ಹೇಳಿದ್ದಾರೆ. ನಿಮ್ಮ 86 ಮನೆಗಳಲ್ಲಿ ಇದೇ ಭಯಕ್ಕೆ ಸುಮ್ಮನಿರುವವರು ಇನ್ನೂ ಎಷ್ಟು ಜನ ಇದ್ದಾರೋ. ಕಮಿಟಿ ಮೊದಲು ಬೇಕಾಗಿರುವುದೇ ಅವರಿಗೆ. ಒಬ್ಬರು ದೂರು ಹೇಳಿದರೆ ಅವರ ಹೆಸರು ಉಳಿಯುತ್ತದೆ. ಕಮಿಟಿ ಬರೆದು ಕೊಟ್ಟರೆ ವಿಷಯ ಮಾತ್ರ ಉಳಿಯುತ್ತದೆ. ಅದಕ್ಕೇ, ಯಾರ ದೂರೇ ಇರಲಿ, ಮನೆ ನಂಬರ್ ಕಾಣದ ಹಾಗೆ ಕಮಿಟಿ ಹೆಸರಲ್ಲೇ ಹೋಗಬೇಕು ಎನ್ನುವುದು ನಿಮ್ಮ ಮೊದಲ ನಿಯಮವಾಗಲಿ.

ಇನ್ನೊಂದು ಮಾತು. ಯಜಮಾನರನ್ನು ಎತ್ತಿ ಕೂರಿಸುವ ಹುಡುಗ ಬೇರೆ, ಚಾರ್ಜ್ ಏರಿಸಿದವರು ಬೇರೆ. ಆ ಹುಡುಗ ಏಜೆನ್ಸಿ ಮೂಲಕ ಬಂದವನಿರಬಹುದು. ನಿಮ್ಮ ಬಿಲ್ ಏರಿತು ಅಂತ ಅವನ ಸಂಬಳ ಏರಿರುತ್ತದೆ ಎಂದೇನಿಲ್ಲ. ರಾತ್ರಿ ಪಾಳಿಗೆ ಒಬ್ಬನ ಬದಲು ಇಬ್ಬರು ಬೇಕು ಅಂತ ಕೇಳುವ ಕಮಿಟಿ ಅವನ ಪರವಾಗಿಯೂ ಇರುತ್ತದೆ. ಇದನ್ನು ಸಿಬ್ಬಂದಿಗೆ ನೀವೇ ಎದುರಿಗೆ ಕೂತು ಹೇಳಿ. ಯಜಮಾನರೂ ಜೊತೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಈಗ ಕಾಗದಪತ್ರದ ವಿಷಯ. ಖಜಾನೆಯಲ್ಲಿದ್ದವರಿಗೆ ಇದು ನಾನು ಹೇಳಿಕೊಡುವಂಥದ್ದಲ್ಲ, ಆದರೂ ಹೇಳುತ್ತೇನೆ. ಹಿರಿಯರ ಸಮುಚ್ಚಯಗಳಲ್ಲಿ ಮನೆ ಸಿಗುವುದು ಬೇರೆ ಬೇರೆ ರೀತಿಯಲ್ಲಿ. ಕೆಲವು ಕಡೆ ಪೂರ್ತಿ ಕ್ರಯ, ಕೆಲವು ಕಡೆ ದೊಡ್ಡ ಠೇವಣಿ ಇಟ್ಟು ಬದುಕಿರುವಷ್ಟು ಕಾಲ ಇರುವ ಹಕ್ಕು, ಕೆಲವು ಕಡೆ ಬರೀ ಬಾಡಿಗೆ. ನಿಮ್ಮದು ಕ್ರಯ. ಅಂದರೆ ನೀವು ಅಲ್ಲಿ ಒಡತಿ. ಮನೆ ಒಳಗಿನ ಜಾಗ ಮಾತ್ರವಲ್ಲ, ಕಾರಿಡಾರ್, ಲಿಫ್ಟ್, ತೋಟ, ಊಟದ ಹಾಲ್ ಇವುಗಳಲ್ಲೂ ಸಾಮಾನ್ಯವಾಗಿ ನಿಮಗೆ ಪಾಲಿರುತ್ತದೆ. ಕ್ರಯಪತ್ರ ತೆಗೆದು, ಎಷ್ಟು ಪಾಲು ಅಂತ ಬರೆದಿದೆ ನೋಡಿ.

ಆಮೇಲೆ ಒಂದು ಪ್ರಶ್ನೆ ಕೇಳಿ: ಈ ಕಮಿಟಿ ಏನು? ಇದು ತುಂಬಾ ಮುಖ್ಯ, ಜಾಸ್ತಿ ಜನ ಕೇಳುವುದೇ ಇಲ್ಲ. ಸಲಹಾ ಸಮಿತಿ ಒಂದು, ನೋಂದಣಿಯಾದ ಸಂಘ ಇನ್ನೊಂದು. ಸಲಹಾ ಸಮಿತಿ ರಾಜ್ಯೋತ್ಸವ ಮಾಡಬಹುದು, ಯುಗಾದಿಗೆ ಒಬ್ಬಟ್ಟು ಮಾಡಿಸಬಹುದು. ಅದೂ ಬೇಕು. ಆದರೆ ಲೆಕ್ಕ ಕೇಳುವ ಹಕ್ಕು ಅದಕ್ಕಿಲ್ಲ. ಮನೆ ಮಾಲೀಕರ ಸಂಘ ನಮ್ಮ ರಾಜ್ಯದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ಆಗಿರಬಹುದು. 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಮಾಡಿಕೊಂಡವರೂ ಇದ್ದಾರೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಂತೂ, ಮನೆ ಕೊಂಡವರ ಸಂಘ ಆಗುವಂತೆ ನೋಡಿಕೊಳ್ಳುವುದು ಕಟ್ಟಿದವರ ಹೊಣೆ ಅಂತ ಬರೆದೇ ಬಿಟ್ಟಿದೆ. ಸಂಘ ವಹಿಸಿಕೊಳ್ಳುವವರೆಗೆ ನ್ಯಾಯವಾದ ದರಕ್ಕೆ ಸೌಲಭ್ಯ ನಡೆಸುವುದು, ಆಮೇಲೆ ಸಾಮಾನ್ಯ ಜಾಗ ಮತ್ತು ಅದರ ದಾಖಲೆ ಸಂಘಕ್ಕೆ ಒಪ್ಪಿಸುವುದು, ಇವೂ ಅವರದ್ದೇ. ನಿಮ್ಮ ಯೋಜನೆ ಆ ಕಾಯ್ದೆಯ ಕೆಳಗಿನ ಕರ್ನಾಟಕ ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯಾ ಅಂತ ಅವರ ತಾಣದಲ್ಲಿ ನೋಡಬಹುದು. ಸಂಘ ಇನ್ನೂ ಆಗಿಲ್ಲ ಅಂದರೆ ಹೊಸ ಕಮಿಟಿಯ ಮೊದಲ ಕೆಲಸ ಅದೇ.

ಹಿರಿಯರ ಮನೆಗಳಿಗೆಂದೇ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟುವವರು, ಸೇವೆ ಕೊಡುವವರು, ಮನೆ ಕೊಂಡವರು, ಈ ಮೂವರ ನಡುವೆ ಒಪ್ಪಂದ ಇರಬೇಕು ಎಂಬುದು ಅದರಲ್ಲಿದೆ. ಮಾರ್ಗಸೂಚಿಯೇ ಕಾನೂನಾಗುವುದಿಲ್ಲ, ಆದರೆ ಮಾತಿಗೆ ಕೂತಾಗ ಮುಂದಿಡಲು ಒಳ್ಳೆಯ ಕಾಗದ. ನಿಮ್ಮ ಸೇವಾ ಒಪ್ಪಂದದಲ್ಲಿ ಚಾರ್ಜ್ ಏರಿಸುವ ಬಗ್ಗೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ವರ್ಷಕ್ಕೆ ಎಷ್ಟು, ಎಷ್ಟು ದಿನ ಮುಂಚೆ ತಿಳಿಸಬೇಕು, ಯಾರನ್ನು ಕೇಳಬೇಕು? ಆ ಪುಟ ಓದದೆ ಸಭೆಗೆ ಹೋಗಬೇಡಿ.

ಲೆಕ್ಕ ಕೇಳುವಾಗ "ಲೆಕ್ಕ ಕೊಡಿ" ಅಂತ ಒಟ್ಟಾಗಿ ಕೇಳಿದರೆ ಒಂದು ಹಾಳೆಯಲ್ಲಿ ಒಟ್ಟು ಮೊತ್ತ ಬರೆದು ಕೊಡುತ್ತಾರೆ. ಬಿಡಿಬಿಡಿಯಾಗಿ ಕೇಳಿ. ರೇಷನ್ನಿಗೆ ಎಷ್ಟು, ಅಡುಗೆಯವರಿಗೆ ಎಷ್ಟು, ಜನರೇಟರ್ ಡೀಸೆಲ್ಲಿಗೆ, ಟ್ಯಾಂಕರ್ ನೀರಿಗೆ, ಲಿಫ್ಟಿನ ವಾರ್ಷಿಕ ನಿರ್ವಹಣೆಗೆ, ಕೊಳಚೆ ನೀರಿನ ಘಟಕಕ್ಕೆ ಎಷ್ಟು. ಕಂಪನಿಯ ಸ್ವಂತ ಮ್ಯಾನೇಜ್‌ಮೆಂಟ್ ಶುಲ್ಕ ಎಷ್ಟು. ಮನೆ ಕೊಳ್ಳುವಾಗ ಎಲ್ಲರೂ ಕಾರ್ಪಸ್ ಫಂಡ್, ಅಂದರೆ ಮುಂದಿನ ದೊಡ್ಡ ಖರ್ಚಿಗೆ ಕೂಡಿಡುವ ನಿಧಿ, ಅಂತ ಕಟ್ಟಿರುತ್ತೀರಿ, ಅಲ್ವಾ? 86 ಮನೆಯ ಆ ದುಡ್ಡು ಯಾವ ಬ್ಯಾಂಕಿನಲ್ಲಿ, ಯಾರ ಹೆಸರಿನಲ್ಲಿ ಇದೆ? ಬಡ್ಡಿ ಎಲ್ಲಿಗೆ ಹೋಗುತ್ತಿದೆ? ನನಗೆ ಕೇಳಿದರೆ, ಐದು ಸಾವಿರಕ್ಕಿಂತ ದೊಡ್ಡ ಪ್ರಶ್ನೆ ಇದು. ಉತ್ತರ ಸರಿಯಾಗಿಯೇ ಇರಬಹುದು. ಡೀಸೆಲ್, ಸಂಬಳ, ತರಕಾರಿ ಎಲ್ಲಾ ಏರಿರುವುದು ನಿಜ ತಾನೇ. ಲೆಕ್ಕ ನೋಡಿ ಏರಿಕೆ ನ್ಯಾಯ ಅನ್ನಿಸಿದರೆ ಅದನ್ನೂ ಸಭೆಯಲ್ಲಿ ಅಷ್ಟೇ ಗಟ್ಟಿಯಾಗಿ ಹೇಳಿ. ಆಗ ಕಂಪನಿಯವರೂ ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ.

ಊಟದ ವಿಷಯಕ್ಕೆ ನನ್ನ ಮನೆಯದೇ ಒಂದು ಕತೆ ಇದೆ. ನನ್ನ ಸೋದರತ್ತೆ ಇಂಥದ್ದೇ ಒಂದು ಕಡೆ ನಾಲ್ಕು ವರ್ಷ ಇದ್ದರು. ಅಲ್ಲೂ ರಾತ್ರಿ ಊಟ ಏಳಕ್ಕೆ ತಂದರು. ಕೆಲವರಿಗೆ ರಾತ್ರಿ ಇನ್ಸುಲಿನ್ ಇತ್ತು. ಏಳಕ್ಕೆ ಉಂಡವರಿಗೆ ನಡುರಾತ್ರಿ ಹೊಟ್ಟೆ ಖಾಲಿಯಾಗಿ ಮೈ ಬೆವರುತ್ತಿತ್ತು. ಮೂರು ತಿಂಗಳು ಎಲ್ಲರೂ ಮ್ಯಾನೇಜರ್ ಮೇಲೆ ಕೂಗಾಡಿದರು. ಕೊನೆಗೆ ಅತ್ತೆ ಅಡುಗೆಮನೆಗೆ ಹೋಗಿ ಭಟ್ಟರನ್ನೇ ಕೇಳಿದರು. ಊರಿಗೆ ಹೋಗುವ ಕಡೇ ಬಸ್ಸು ಎಂಟೂವರೆಗೆ. ಎಂಟಕ್ಕೆ ಊಟ ಬಡಿಸಿದರೆ ಪಾತ್ರೆ ತೊಳೆಯುವ ಹೆಂಗಸರು ಆ ಬಸ್ಸು ಹಿಡಿಯಲು ಆಗುತ್ತಿರಲಿಲ್ಲ. ಅಷ್ಟೇ ಕಾರಣ! ಸಂಸ್ಥೆಯ ವ್ಯಾನು ರಾತ್ರಿ ಸುಮ್ನೆ ನಿಂತಿರುತ್ತಿತ್ತು. ಒಂಬತ್ತೂವರೆಗೆ ಅವರನ್ನು ಮನೆಗೆ ಬಿಟ್ಟು ಬರುವ ಏರ್ಪಾಡಾಯಿತು. ಊಟ ಮತ್ತೆ ಎಂಟಕ್ಕೆ ಬಂತು. ಅತ್ತೆ ಕಮಿಟಿಯಲ್ಲೂ ಇರಲಿಲ್ಲ, ಅವರು ಓದಿದ್ದು ಏಳನೇ ಕ್ಲಾಸು.

ನಿಮ್ಮಲ್ಲಿ ಕಾರಣ ಬೇರೆ ಇರಬಹುದು. ಮುದ್ದೆ ಕಡಿಮೆಯಾದದ್ದಕ್ಕೂ ಏನೋ ಕಾರಣ ಇರುತ್ತದೆ. ಮುದ್ದೆ ತಿರುವಲು ಕೈ ಸಾಲದೆ ಇರಬಹುದು, ಹೊಸ ಅಡುಗೆಯವರಿಗೆ ಬಾರದೆ ಇರಬಹುದು. ಮೊದಲು ಅಡುಗೆಮನೆಗೆ ಹೋಗಿ ಕೇಳಿ. ಊಟಕ್ಕೆ ಅಂತಲೇ ನಾಲ್ಕು ಜನರ ಸಣ್ಣ ಗುಂಪು ಮಾಡಿ. ವಾರದ ಮೆನು ಅವರ ಮುಂದೆ ಬರಲಿ. ಹಲ್ಲಿಲ್ಲದವರು, ಸಕ್ಕರೆ ಕಾಯಿಲೆಯವರು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಮುದ್ದೆ ಇಲ್ಲದೆ ಊಟ ಆಗದವರು, ಎಲ್ಲರ ಕಡೆಯಿಂದ ಒಬ್ಬೊಬ್ಬರು ಇರಲಿ.

ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಮಾಡಿದ ಪ್ರಯೋಗ 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕು ನೀವೇ ನೋಡಿಕೊಳ್ಳಿ, ಸಿನಿಮಾ ಯಾವ ರಾತ್ರಿ ನೋಡುತ್ತೀರಿ ನೀವೇ ಹೇಳಿ ಅಂದರು. ಒಂದೊಂದು ಗಿಡ ಕೊಟ್ಟು, ನೀರು ಹಾಕುವುದು ನಿಮ್ಮ ಕೆಲಸ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಆದರೆ ನೀರು ಹಾಕಿದ್ದು ನರ್ಸ್‌ಗಳು. ಮೂರು ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಖುಷಿಯಾಗಿದ್ದರು. ಸಣ್ಣ ಪ್ರಯೋಗ, ಅದರಿಂದ ದೊಡ್ಡ ದೊಡ್ಡ ಮಾತು ಹೇಳಬಾರದು. ಆದರೂ ನಿಮ್ಮ ಮಗನಿಗೆ ಈ ಗಿಡದ ಕತೆ ಹೇಳಿ. ಅವನು ಕೆಟ್ಟವನಲ್ಲ. ಅಷ್ಟು ದೂರ ಇರುವ ಮಕ್ಕಳಿಗೆ, ಅಮ್ಮ ಯಾವುದೇ ತಂಟೆಯಿಲ್ಲದೆ ಇದ್ದಾಳೆ ಅಂತ ತಿಳಿದರೆ ಸಮಾಧಾನ. ಅವನಿಗೆ ಇಷ್ಟೇ ಹೇಳಿ: "31 ವರ್ಷ ಸರ್ಕಾರದ ಲೆಕ್ಕ ನೋಡಿದೀನಿ, ಈಗ ನನ್ನ ಮನೆಯ ಲೆಕ್ಕ ನೋಡ್ತೀನಿ." ಅವನನ್ನು ಒಪ್ಪಿಗೆ ಕೇಳಬೇಡಿ, ವಿಷಯ ತಿಳಿಸಿ.

ಸಭೆಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಇಂಥ ಕಡೆ ಸಭೆ ಬಹಳ ಸಲ ಪೂರ್ತಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ದೊಡ್ಡ ಹುದ್ದೆಯಲ್ಲಿದ್ದ ನಾಲ್ಕು ಗಂಡಸರು ಮಾತಾಡುತ್ತಾರೆ. ಹಿಂದಿನ ಸಾಲಿನ ಹೆಂಗಸರು ಕೇಳಿಸಿಕೊಂಡು ಎದ್ದು ಹೋಗುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ನೀವು ಆಯ್ಕೆಯಾದರೆ ನಡಾವಳಿ ಕನ್ನಡದಲ್ಲೂ ಬರಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಲಿ. ಮೈಕ್ ಇರಲಿ, ಕಿವಿ ಮಂದವಾದವರು ಮುಂದೆ ಕೂರಲಿ. ಸಭೆ ಬೆಳಗ್ಗೆ ಹನ್ನೊಂದಕ್ಕೆ ಇರಲಿ, ಊಟ ಆದ ಮೇಲೆ ಬೇಡ. ಹಾಸಿಗೆ ಬಿಟ್ಟು ಏಳಲಾಗದವರ ಕೋಣೆಗೆ ಒಬ್ಬರು ಹೋಗಿ, ಪಕ್ಕದಲ್ಲಿ ಕೂತು, ಏನು ಬೇಕು ಅಂತ ಕೇಳಿಕೊಂಡು ಬರಲಿ. ಮರೆವಿನ ಕಾಯಿಲೆ ಇರುವವರನ್ನೂ ಬಿಡಬೇಡಿ. ನಿನ್ನೆಯದು ನೆನಪಿರದೆ ಇರಬಹುದು, ಇವತ್ತಿನ ಸಾರು ಖಾರ ಅಂತ ಅವರು ಹೇಳಬಲ್ಲರು.

ಖಜಾಂಚಿ ಕೆಲಸವನ್ನು ಎರಡು ಮಾತಿನ ಮೇಲೆ ಒಪ್ಪಿಕೊಳ್ಳಿ. ಚೆಕ್ಕಿಗೆ ಇಬ್ಬರ ಸಹಿ ಇರಬೇಕು, ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರು ನೋಡಬೇಕು. ಒಂದು ವರ್ಷಕ್ಕೆ ಮಾತ್ರ ಅಂತ ಮೊದಲೇ ಹೇಳಿ, ಕೆಲಸ ಕಲಿಯುವ ಒಬ್ಬ ಜೊತೆಗಾರರನ್ನು ಕೇಳಿ. ಯಜಮಾನರಿಗೆ ಮಾತ್ರೆ ಕೊಡುವ ಹೊತ್ತು ತಪ್ಪಬಾರದು, ಆ ಹೊತ್ತಿಗೆ ಯಾವ ಸಭೆಗೂ ಹೋಗಬೇಡಿ. ವಾಟ್ಸಾಪ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಜಗಳ ಶುರುವಾದರೆ ಉತ್ತರ ಬೆಳಗ್ಗೆ ಕೊಡಿ, ಅದೂ ಎದುರಿಗೆ. ನರ್ಸನ್ನೋ ಗಾರ್ಡನ್ನೋ ಕಮಿಟಿಯವರು ಯಾರೂ ನೇರವಾಗಿ ಗದರಬಾರದು. ಹೇಳುವುದಿದ್ದರೆ ಮ್ಯಾನೇಜರ್ ಹತ್ತಿರ, ಬರವಣಿಗೆಯಲ್ಲಿ.

ಎಷ್ಟು ಬರೆದರೂ ಕಂಪನಿ ಉತ್ತರ ಕೊಡದಿದ್ದರೆ ರೇರಾ ಇದೆ, ಗ್ರಾಹಕರ ಆಯೋಗ ಇದೆ. ಹೋಗುವ ಮುಂಚೆ ಕ್ರಯಪತ್ರವನ್ನೂ ಸೇವಾ ಒಪ್ಪಂದವನ್ನೂ ಒಬ್ಬ ವಕೀಲರಿಗೆ ತೋರಿಸಿ. ಯಾರಾದರೂ ಹಿರಿಯರ ಆರೈಕೆಯಲ್ಲಿ ಕೇಡು ನಡೆಯುತ್ತಿದೆ ಅನ್ನಿಸಿದರೆ ಹಿರಿಯರ ಸಹಾಯವಾಣಿ 14567 ಇದೆ. ಆ ನಂಬರನ್ನು ಊಟದ ಹಾಲ್‌ನ ಗೋಡೆಗೆ ಅಂಟಿಸಿ.

ಹನ್ನೆರಡು ದಿನದಲ್ಲಿ ನಾಮಪತ್ರ ಕೊಡುವುದು ಕೊನೇ ದಿನದ ಕೆಲಸ. ಇವತ್ತು ಟ್ರಂಕಿನಲ್ಲಿರುವ ಕ್ರಯಪತ್ರ ಹೊರಗೆ ತೆಗೆಯಿರಿ. ನಾಳೆ ಸಂಜೆ ಅಡುಗೆಮನೆಗೆ ಹೋಗುವಾಗ ಯಜಮಾನರನ್ನೂ ಗಾಲಿಕುರ್ಚಿಯಲ್ಲೋ, ಕೈ ಹಿಡಿದೋ ಕರೆದುಕೊಂಡು ಹೋಗಿ. ಮುದ್ದೆ ಯಾಕೆ ಕಡಿಮೆಯಾಯಿತು ಅಂತ ಭಟ್ಟರನ್ನು ಅವರೇ ಕೇಳಲಿ.